ಬಯೋಸ್ ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಬರುತ್ತಿಲ್ಲವೇ? ಫಾರ್ಮ್ಯಾಟ್ ಮಾಡಿಸಬೇಡಿ

“ರಾತ್ರಿ ವಿಂಡೋಸ್ ಏನೋ ಅಪ್‌ಡೇಟ್ ಹಾಕಿಕೊಂಡಿತು. ಬೆಳಿಗ್ಗೆ ನೋಡಿದರೆ ಉಬುಂಟು ಲಿನಕ್ಸ್ ಇಲ್ಲ, ನೇರವಾಗಿ ವಿಂಡೋಸೇ ಬರುತ್ತಿದೆ. ನನ್ನ ಫೈಲುಗಳೆಲ್ಲ ಹೋದವೇ?” ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವರಿಗೆ ವಿಂಡೋಸೂ ಬರುವುದಿಲ್ಲ. ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಒಂದು ಸಾಲು ಬಂದು ನಿಲ್ಲುತ್ತದೆ. ಲ್ಯಾಪ್‌ಟಾಪ್ ಅಂಗಡಿಗೆ ಹೋಗುತ್ತದೆ. ಅಂಗಡಿಯವರು “ಓಎಸ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು” ಎನ್ನುತ್ತಾರೆ. ಸಂಜೆಯ ಹೊತ್ತಿಗೆ ನಿಜವಾಗಿಯೂ ಎಲ್ಲ ಹೋಗಿರುತ್ತದೆ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಫರ್ಮ್‌ವೇರ್ (ಅಂದರೆ ಬಯೋಸ್) ಅಪ್‌ಡೇಟ್, ಅದು ವಿಂಡೋಸ್ ಮೂಲಕ ಬಂದಿದ್ದರೂ, ಬರೆಯುವುದು ಮದರ್‌ಬೋರ್ಡಿನ ಚಿಪ್ಪಿನ ಮೇಲೆ. ನಿಮ್ಮ ಲಿನಕ್ಸ್ ಇರುವ ಪಾರ್ಟಿಷನ್‌ಗೆ (ಡಿಸ್ಕಿನ ವಿಭಾಗಕ್ಕೆ) ಅದು ಕೈ ಹಾಕುವುದಿಲ್ಲ. ನಿಮ್ಮ ಫೈಲುಗಳು ಇದ್ದಲ್ಲೇ ಇವೆ. ಫಾರ್ಮ್ಯಾಟ್ ಮಾಡಲು ಹೇಳುವವರು ಕಳೆದುಕೊಳ್ಳುವುದು ಏನೂ ಇಲ್ಲ, ಅದಕ್ಕೇ ಅಷ್ಟು ಸುಲಭವಾಗಿ ಹೇಳುತ್ತಾರೆ.

ಆಗಿರುವುದೇನು?

ಫರ್ಮ್‌ವೇರ್ ಎಂದರೆ ಪವರ್ ಬಟನ್ ಒತ್ತಿದ ಕೂಡಲೇ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಅದು ಬಯೋಸ್, ಈಗಿನವುಗಳಲ್ಲಿ ಯುಇಎಫ್‌ಐ. ಜನ ಈಗಲೂ ಬಯೋಸ್ ಎಂದೇ ಕರೆಯುತ್ತಾರೆ. ಈ ಲೇಖನದಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ.

ಇನ್ನೆರಡು ಹೆಸರುಗಳು ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು. ನಿಮ್ಮ ಡಿಸ್ಕಿನಲ್ಲಿ ‘ಇಎಸ್‌ಪಿ’ ಎಂಬ ಪುಟ್ಟ ಪಾರ್ಟಿಷನ್ ಇದೆ. ಸಾಮಾನ್ಯವಾಗಿ 100 ಎಂಬಿಯಿಂದ 1 ಜಿಬಿಯವರೆಗೆ ಇರುವ ಇದು ಫ್ಯಾಟ್32 ಮಾದರಿಯದು. ವಿಂಡೋಸ್ ಮತ್ತು ಲಿನಕ್ಸ್ ತಮ್ಮ ತಮ್ಮ ಬೂಟ್‌ಲೋಡರ್‌ಗಳನ್ನು, ಅಂದರೆ ಓಎಸ್ಸನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂಗಳನ್ನು, ಇಡುವುದು ಇಲ್ಲಿ. ಇನ್ನೊಂದು ‘ಎನ್‌ವಿರ‍್ಯಾಮ್’. ಇದು ಮದರ್‌ಬೋರ್ಡಿನಲ್ಲಿರುವ ಸಣ್ಣ ನೆನಪಿನ ಜಾಗ. ಯಾವ ಬೂಟ್‌ಲೋಡರ್ ಎಲ್ಲಿದೆ, ಯಾವುದನ್ನು ಮೊದಲು ಕರೆಯಬೇಕು ಎಂಬ ಪಟ್ಟಿ ಇರುವುದು ಇದರಲ್ಲಿ. ಅಪ್‌ಡೇಟ್ ಆದಾಗ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಪಟ್ಟಿಯನ್ನೂ ಉಳಿದ ಸೆಟ್ಟಿಂಗ್‌ಗಳನ್ನೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಿಬಿಡುತ್ತವೆ. ಮನೆ ಅಲ್ಲೇ ಇದೆ, ಬಾಗಿಲೂ ಅಲ್ಲೇ ಇದೆ, ವಿಳಾಸ ಬರೆದಿಟ್ಟ ಚೀಟಿ ಮಾತ್ರ ಕಳೆದಿದೆ. ನಾವು ಮಾಡಬೇಕಿರುವುದು ಚೀಟಿಯನ್ನು ಮತ್ತೆ ಬರೆಯುವ ಕೆಲಸ.

ಕೈಯಲ್ಲಿ ಏನೇನು ಇರಬೇಕು?

ಚಾರ್ಜರ್ ಸಿಕ್ಕಿಸಿಕೊಳ್ಳಿ. ಫೋನಿನ ಕ್ಯಾಮೆರಾ ಸಿದ್ಧವಿರಲಿ. ಬಯೋಸ್‌ನಲ್ಲಿ ಏನನ್ನು ಬದಲಿಸುವ ಮುನ್ನವೂ ಆ ಪರದೆಯ ಚಿತ್ರ ತೆಗೆದುಕೊಳ್ಳಬೇಕು. 8 ಜಿಬಿಯ ಒಂದು ಪೆನ್‌ಡ್ರೈವ್ ಬೇಕಾಗಬಹುದು, ಆದರೆ ಅದರ ಸರದಿ ಬರುವುದು ಐದನೆಯ ಹಂತದಲ್ಲಿ. ಅನೇಕರ ಕೆಲಸ ಅದಕ್ಕೂ ಮೊದಲೇ ಮುಗಿಯುತ್ತದೆ.

ವಿಂಡೋಸ್ ಕೂಡ ಇರುವವರಿಗೆ ಒಂದು ಎಚ್ಚರಿಕೆ, ಇದನ್ನು ಹಾರಿಸಿ ಓದಬೇಡಿ. ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗ ನಿಮಗೆ ತಿಳಿಯದೆಯೇ ಚಾಲ್ತಿಯಲ್ಲಿರಬಹುದು. ಬಯೋಸ್‌ನಲ್ಲಿ ‘ಸೆಕ್ಯೂರ್ ಬೂಟ್’ ಎಂಬ ಕಾವಲಿನ ಸೆಟ್ಟಿಂಗ್ ಬದಲಿಸಿದ ಕೂಡಲೇ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಫೋನಿನಿಂದ ಆ ಖಾತೆಗೆ ಲಾಗಿನ್ ಆಗಿ ಕೀಯನ್ನು ಕಾಗದದ ಮೇಲೆ ಬರೆದುಕೊಂಡ ನಂತರವೇ ಮುಂದೆ ಹೋಗಿ. ಲ್ಯಾಪ್‌ಟಾಪ್ ಕಚೇರಿಯದಾದರೆ ಕೀ ಇರುವುದು ಕಚೇರಿಯ ಐಟಿ ವಿಭಾಗದ ಬಳಿ. ಅವರನ್ನು ಕೇಳದೆ ಬಯೋಸ್ ಮುಟ್ಟಬೇಡಿ.

ಹಂತ 1: ಪರದೆಯ ಮೇಲೆ ಏನಿದೆ ಎಂದು ಓದಿ

ಅಪ್‌ಡೇಟ್ ಆದ ನಂತರ ಮೊದಲ ಸಲ ಆನ್ ಆಗುವಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ರ‍್ಯಾಮ್‌ನ ಹೊಂದಾಣಿಕೆಯನ್ನು ಫರ್ಮ್‌ವೇರ್ ಹೊಸದಾಗಿ ಮಾಡಿಕೊಳ್ಳುತ್ತಿರುತ್ತದೆ. ಆಗ ಗಾಬರಿಯಿಂದ ಪವರ್ ಬಟನ್ ಅದುಮಿ ಹಿಡಿಯಬೇಡಿ. ಹತ್ತು-ಹದಿನೈದು ನಿಮಿಷ ಬಿಟ್ಟುಬಿಡಿ. ಅಷ್ಟಾದರೂ ತಯಾರಕರ ಲಾಂಛನವೇ ಬರದಿದ್ದರೆ ತೊಂದರೆ ಲಿನಕ್ಸಿನದಲ್ಲ, ಫರ್ಮ್‌ವೇರ್‌ನದು. ಎಚ್‌ಪಿಯಲ್ಲಿ ವಿಂಡೋಸ್ ಕೀ ಮತ್ತು ಬಿ ಕೀ ಒಟ್ಟಿಗೆ ಹಿಡಿದು ಪವರ್ ಬಟನ್ ಒತ್ತುವುದು, ಡೆಲ್‌ನಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಹಿಡಿದುಕೊಂಡು ಚಾರ್ಜರ್ ಸಿಕ್ಕಿಸುವುದು, ಹೀಗೆ ಹಲವು ಮಾದರಿಗಳಲ್ಲಿ ಬಯೋಸ್ ರಿಕವರಿಯ ದಾರಿಗಳಿವೆ. ಅದೂ ಆಗದಿದ್ದರೆ ಸರ್ವಿಸ್ ಸೆಂಟರ್.

ಲಾಂಛನ ಬರುತ್ತಿದೆ ಎಂದಾದರೆ, ಅದರ ನಂತರ ಕಾಣುವುದೇ ನಿಮ್ಮ ದಾರಿ ತೋರಿಸುತ್ತದೆ:

ನೇರವಾಗಿ ವಿಂಡೋಸ್ ಬಂದರೆ, ಅಥವಾ ‘ನೋ ಬೂಟಬಲ್ ಡಿವೈಸ್’ ಎಂದರೆ: 2, 3, 4ನೆಯ ಹಂತಗಳು, ಅದೇ ಕ್ರಮದಲ್ಲಿ.

ಲಿನಕ್ಸಿನ ಆಯ್ಕೆ ಪಟ್ಟಿ ಬಂದು, ಆಮೇಲೆ ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಅಥವಾ ‘ಡ್ರಾಕಟ್’ ಎಂಬ ಸಾಲಿನ ಎದುರು ಕರ್ಸರ್ ಮಿನುಗುತ್ತ ನಿಂತರೆ: 3ನೆಯ ಹಂತ.

‘ಗ್ರಬ್ ರೆಸ್ಕ್ಯೂ’ ಎಂದು ನಿಂತರೆ: ಮೊದಲು 3, ಆಮೇಲೆ 5.

‘ವಯೊಲೇಷನ್’ ಎಂಬ ಪದವಿರುವ ಯಾವುದೇ ಸಂದೇಶ ಬಂದರೆ: 6ನೆಯ ಹಂತ.

ಹಿಂದೆ ಕೇಳದಿದ್ದ ಡಿಸ್ಕ್ ಪಾಸ್‌ವರ್ಡನ್ನು ಈಗ ಕೇಳುತ್ತಿದ್ದರೆ: 7ನೆಯ ಹಂತ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಆನ್ ಮಾಡಿ ನೋಡಿ. ಐದು ಸೆಟ್ಟಿಂಗ್‌ಗಳನ್ನು ಒಮ್ಮೆಲೇ ತಿರುಗಿಸಿದವರು ಆರನೆಯ ತೊಂದರೆಯನ್ನು ತಂದುಕೊಳ್ಳುತ್ತಾರೆ.

ಹಂತ 2: ಬೂಟ್ ಮೆನು ತೆರೆದು ನೋಡಿ

ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ. ವಿಂಡೋಸ್‌ನಲ್ಲಿ ಬರೀ ‘ಶಟ್‌ಡೌನ್’ ಒತ್ತಿದರೆ ಫಾಸ್ಟ್ ಸ್ಟಾರ್ಟಪ್ ಕಾರಣದಿಂದ ಅದು ಅರೆನಿದ್ದೆಗೆ ಹೋಗಿರುತ್ತದೆ ಅಷ್ಟೆ. ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿ. ಮತ್ತೆ ಆನ್ ಮಾಡುತ್ತಲೇ ಬೂಟ್ ಮೆನುವಿನ ಕೀಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಿ. ಡೆಲ್, ಲೆನೊವೊ ಮತ್ತು ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನ ಕೆಲವು ಮಾದರಿಗಳಲ್ಲಿ ಎಫ್12 ಮೆನುವನ್ನು ಬಯೋಸ್‌ನೊಳಗೆ ಹೋಗಿ ಮೊದಲು ಚಾಲೂ ಮಾಡಬೇಕು.

ಕೀ ಒತ್ತುವ ಸಮಯ ಹೊಂದುತ್ತಿಲ್ಲವಾದರೆ ವಿಂಡೋಸ್ ಮೂಲಕವೇ ಹೋಗಬಹುದು. ‘ಸೆಟ್ಟಿಂಗ್ಸ್’ನಲ್ಲಿ ‘ರಿಕವರಿ’, ಅಲ್ಲಿ ‘ಅಡ್ವಾನ್ಸ್‌ಡ್ ಸ್ಟಾರ್ಟಪ್’. ನೀಲಿ ಪರದೆ ಬಂದಾಗ ‘ಯೂಸ್ ಎ ಡಿವೈಸ್’ ಆರಿಸಿದರೆ ಬೂಟ್ ಪಟ್ಟಿ ಸಿಗುತ್ತದೆ.

ಪಟ್ಟಿಯಲ್ಲಿ ‘ಉಬುಂಟು’, ‘ಫೆಡೋರಾ’ ಅಥವಾ ‘ಡೆಬಿಯನ್’ ಕಂಡರೆ ನೀವು ಅದೃಷ್ಟವಂತರು. ಚೀಟಿ ಕಳೆದಿಲ್ಲ, ಸರತಿ ಮಾತ್ರ ಬದಲಾಗಿದೆ. ಅದನ್ನು ಆರಿಸಿ, ಲಿನಕ್ಸ್ ಬಂದರೆ ಮುಂದಿನ ಹಂತದಲ್ಲಿ ಬೂಟ್ ಕ್ರಮವನ್ನು ಸರಿಪಡಿಸಿದರೆ ಆಯಿತು. ಲಿನಕ್ಸ್ ಮಿಂಟ್ ಬಳಸುವವರು ಗಮನಿಸಿ, ಅದೂ ಈ ಪಟ್ಟಿಯಲ್ಲಿ ‘ಉಬುಂಟು’ ಎಂಬ ಹೆಸರಿನಲ್ಲೇ ಕೂತಿರುತ್ತದೆ.

ಲಿನಕ್ಸಿನ ಹೆಸರು ಇಲ್ಲದಿದ್ದರೆ ಡಿಸ್ಕಿನ ಹೆಸರೇ ಒಂದು ಸಾಲಾಗಿ ಇದೆಯೇ ನೋಡಿ. ಕಂಪನಿಯ ಹೆಸರು ಮತ್ತು ಮಾದರಿ ಸಂಖ್ಯೆ ಇರುವ ಸಾಲು ಅದು. ಅದನ್ನು ಆರಿಸಿದಾಗ ಫರ್ಮ್‌ವೇರ್ ಯಾವ ಚೀಟಿಯನ್ನೂ ನೋಡದೆ, ಇಎಸ್‌ಪಿಯಲ್ಲಿ ಎಲ್ಲರಿಗೂ ಸಾಮಾನ್ಯವಾಗಿ ಇಟ್ಟಿರುವ ತುರ್ತು ಬೂಟ್‌ಲೋಡರನ್ನು ಓಡಿಸುತ್ತದೆ. ಉಬುಂಟು, ಫೆಡೋರಾಗಳಲ್ಲಿ ಆ ಜಾಗದಲ್ಲಿರುವ ಪ್ರೋಗ್ರಾಂ ಜಾಣತನದ್ದು: ಕಳೆದುಹೋದ ನಮೂದನ್ನು ತಾನೇ ಮತ್ತೆ ಬರೆದು ಲಿನಕ್ಸನ್ನು ಎಬ್ಬಿಸುತ್ತದೆ. ಆ ಜಾಗವನ್ನು ವಿಂಡೋಸ್ ಆಕ್ರಮಿಸಿದ್ದರೆ ವಿಂಡೋಸೇ ಬರುತ್ತದೆ, ನಷ್ಟವೇನಿಲ್ಲ. ಒಂದೂ ಆಜ್ಞೆ ಬರೆಯದೆ ಕೆಲಸ ಮುಗಿಯಬಹುದಾದ ಈ ಉಪಾಯವನ್ನು ಬಹಳ ಮಂದಿ ಪ್ರಯತ್ನಿಸುವುದೇ ಇಲ್ಲ.

ಹಂತ 3: ಬಯೋಸ್‌ನೊಳಗೆ ಏನು ಬದಲಾಗಿದೆ?

ಬಯೋಸ್‌ಗೆ ಹೋಗುವ ಕೀ ಡೆಲ್, ಏಸರ್, ಆಸುಸ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಲೆನೊವೊದ ಉಳಿದ ಹೆಚ್ಚಿನವುಗಳಲ್ಲಿ ಎಫ್2. ಒಳಗೆ ಹೋಗಿ ಈ ಕೆಳಗಿನವನ್ನಷ್ಟೇ ನೋಡಿ. ಉಳಿದದ್ದರ ತಂಟೆ ಬೇಡ.

ಬೂಟ್ ಕ್ರಮ. ಲಿನಕ್ಸಿನ ನಮೂದು ಇದ್ದರೆ ಅದನ್ನು ಮೇಲಕ್ಕೆ ತನ್ನಿ.

ಬೂಟ್ ವಿಧಾನ. ಅದು ‘ಯುಇಎಫ್‌ಐ’ ಎಂದಿರಬೇಕು. ‘ಲೆಗಸಿ’ ಅಥವಾ ‘ಸಿಎಸ್‌ಎಂ’ ಎಂದರೆ ಹಳೆಯ ಬಯೋಸ್‌ನ ರೀತಿ. ನಿಮ್ಮ ಲ್ಯಾಪ್‌ಟಾಪ್ ಹತ್ತು ವರ್ಷಕ್ಕಿಂತ ಹಳೆಯದಾಗಿದ್ದು, ಲಿನಕ್ಸನ್ನು ಆಗ ಲೆಗಸಿಯಲ್ಲೇ ಹಾಕಿದ್ದರೆ ಮಾತ್ರ ಇದನ್ನು ಲೆಗಸಿಗೆ ತಿರುಗಿಸಬೇಕು.

ಡಿಸ್ಕ್ ನಿಯಂತ್ರಕದ ವಿಧಾನ. ಇದರ ಬಳಿ ಸ್ವಲ್ಪ ನಿಲ್ಲಬೇಕು. ‘ಸಾಟಾ ಮೋಡ್’, ‘ಸ್ಟೋರೇಜ್’ ಅಥವಾ ‘ವಿಎಂಡಿ ಕಂಟ್ರೋಲರ್’ ಎಂಬ ಹೆಸರಿನಲ್ಲಿ ಇರುತ್ತದೆ. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ಎರಡು ಆಯ್ಕೆಗಳು: ‘ಎಎಚ್‌ಸಿಐ’ ಒಂದು, ‘ರೇಡ್’ ಅಥವಾ ‘ಆರ್‌ಎಸ್‌ಟಿ’ ಇನ್ನೊಂದು. ರೇಡ್ ವಿಧಾನದಲ್ಲಿ ಎಷ್ಟೋ ಯಂತ್ರಗಳ ಡಿಸ್ಕ್ ಲಿನಕ್ಸಿಗೆ ಕಾಣಿಸುವುದೇ ಇಲ್ಲ. ಲಿನಕ್ಸ್ ಹಾಕುವಾಗ ನೀವು ಅಥವಾ ನಿಮ್ಮ ಗೆಳೆಯರು ಇದನ್ನು ಎಎಚ್‌ಸಿಐಗೆ ಬದಲಿಸಿರುತ್ತೀರಿ. ಅಪ್‌ಡೇಟ್ ಅದನ್ನು ಹಿಂದಕ್ಕೆ, ರೇಡ್‌ಗೆ ತಿರುಗಿಸಿರುತ್ತದೆ. ಪರಿಣಾಮವಾಗಿ ಲಿನಕ್ಸ್ ಅರ್ಧ ಎದ್ದು, ತನ್ನ ಡಿಸ್ಕ್ ಸಿಗದೆ ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಎಂಬಲ್ಲಿ ಕೂರುತ್ತದೆ. ಇದೇ ಕಾರಣ ಎನ್ನಲು ಒಳ್ಳೆಯ ಗುರುತು ಒಂದಿದೆ: ವಿಂಡೋಸ್ ಕೂಡ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ ತೋರಿಸುತ್ತಿರುತ್ತದೆ. ಹಿಂದೆ ಎಎಚ್‌ಸಿಐ ಇತ್ತು ಎಂದಾದರೆ ಮತ್ತೆ ಅಲ್ಲಿಗೇ ಮರಳಿಸಿ, ಎರಡೂ ಸರಿಹೋಗುತ್ತವೆ. ಆದರೆ ವಿಂಡೋಸ್ ನೆಟ್ಟಗೆ ಬರುತ್ತಿದ್ದರೆ ಈ ಸೆಟ್ಟಿಂಗ್ ಬದಲಾಗಿಲ್ಲವೆಂದೇ ಅರ್ಥ. ಆಗ ಇದನ್ನು ಮುಟ್ಟಿದರೆ ವಿಂಡೋಸನ್ನೂ ಕೆಡಿಸಿಕೊಳ್ಳುತ್ತೀರಿ.

ಸೆಕ್ಯೂರ್ ಬೂಟ್. ನಂಬಿಕಸ್ಥ ಸಹಿ ಇರುವ ಬೂಟ್‌ಲೋಡರನ್ನು ಮಾತ್ರ ಓಡಲು ಬಿಡುವ ಕಾವಲು ಇದು. ನೀವು ಹಿಂದೆ ಇದನ್ನು ಆಫ್ ಮಾಡಿದ್ದರೆ ಅಪ್‌ಡೇಟ್ ಮತ್ತೆ ಆನ್ ಮಾಡಿರಬಹುದು. ಇದರ ಪಕ್ಕದಲ್ಲೇ ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಮುಖ್ಯವಾಗಿ 2022ರಿಂದೀಚಿನ ಥಿಂಕ್‌ಪ್ಯಾಡ್‌ಗಳಲ್ಲಿ, ‘ಅಲೋ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ’ ಎಂಬ ಇನ್ನೊಂದು ಗುಂಡಿ ಇದೆ. ಉಬುಂಟು, ಫೆಡೋರಾಗಳ ಬೂಟ್‌ಲೋಡರಿಗೆ ಇರುವ ಸಹಿ ಈ ಮೂರನೆಯವರ ಪಟ್ಟಿಗೆ ಸೇರಿದ್ದು. ಕಾರ್ಖಾನೆಯ ಸ್ಥಿತಿಯಲ್ಲಿ ಈ ಗುಂಡಿ ಆಫ್ ಇರುತ್ತದೆ. ಸೆಟ್ಟಿಂಗ್‌ಗಳು ಮರಳಿದರೆ ಇದೂ ಆಫ್ ಆಗುತ್ತದೆ, ಲಿನಕ್ಸ್ ಸದ್ದಿಲ್ಲದೆ ಹೊರಗುಳಿಯುತ್ತದೆ. ಆನ್ ಮಾಡಿ. ಸೆಕ್ಯೂರ್ ಬೂಟನ್ನೇ ಆಫ್ ಮಾಡುವುದಕ್ಕಿಂತ ಇದು ಒಳ್ಳೆಯ ಪರಿಹಾರ.

‘ಲೋಡ್ ಡಿಫಾಲ್ಟ್ಸ್’, ‘ಕ್ಲಿಯರ್ ಕೀಸ್’, ‘ಕ್ಲಿಯರ್ ಟಿಪಿಎಂ’ ಎಂಬ ಗುಂಡಿಗಳು ಅಲ್ಲೇ ಆಸುಪಾಸಿನಲ್ಲಿ ಇರುತ್ತವೆ. ಅವನ್ನು ಒತ್ತಬೇಡಿ. ಕೊನೆಯದನ್ನು ಒತ್ತಿದವರು ಬಿಟ್‌ಲಾಕರ್ ಕೀ ಹುಡುಕುತ್ತ ಕೂರಬೇಕಾಗುತ್ತದೆ.

ಹಂತ 4: ಬಯೋಸ್‌ನಿಂದಲೇ ನಮೂದು ಸೇರಿಸುವುದು

ಡೆಲ್ ಸೇರಿದಂತೆ ಹಲವು ಲ್ಯಾಪ್‌ಟಾಪ್‌ಗಳ ಬೂಟ್ ಪುಟದಲ್ಲಿ ‘ಆ್ಯಡ್ ಬೂಟ್ ಆಪ್ಷನ್’ ಎಂಬ ಸೌಲಭ್ಯವಿದೆ. ಅದನ್ನು ತೆರೆದರೆ ಇಎಸ್‌ಪಿಯ ಫೋಲ್ಡರ್‌ಗಳು ಕಾಣುತ್ತವೆ. ‘ಇಎಫ್‌ಐ’ ಫೋಲ್ಡರಿನೊಳಗೆ ನಿಮ್ಮ ಲಿನಕ್ಸಿನ ಹೆಸರಿನ ಫೋಲ್ಡರ್, ಅದರೊಳಗೆ ‘ಶಿಮ್‌ಎಕ್ಸ್64’ ಎಂಬ ಫೈಲ್. ಶಿಮ್ ಎಂದರೆ ಸೆಕ್ಯೂರ್ ಬೂಟ್‌ನ ಕಾವಲು ದಾಟಲು ಸಹಿ ಪಡೆದಿರುವ ಮೊದಲ ಬೂಟ್‌ಲೋಡರ್. ಅದು ತನ್ನ ಹಿಂದಿರುವ ಗ್ರಬ್‌ ಅನ್ನು ಎಬ್ಬಿಸುತ್ತದೆ. ಗ್ರಬ್ ಎಂದರೆ ನೀವು ದಿನವೂ ನೋಡುವ ಆ ಆಯ್ಕೆ ಪಟ್ಟಿ. ಪಕ್ಕದಲ್ಲೇ ‘ಗ್ರಬ್‌ಎಕ್ಸ್64’ ಇರುತ್ತದೆ, ಆದರೆ ಅದನ್ನು ಆರಿಸಬೇಡಿ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಅದು ತಾನಾಗಿ ಓಡಲಾರದು. ಶಿಮ್ ಆರಿಸಿ, ಹೆಸರು ಕೊಟ್ಟು, ಉಳಿಸಿ.

ಏಸರ್‌ನಲ್ಲಿ ಇದೇ ಕೆಲಸ ‘ಸೆಲೆಕ್ಟ್ ಆ್ಯನ್ ಯುಇಎಫ್‌ಐ ಫೈಲ್ ಆ್ಯಸ್ ಟ್ರಸ್ಟೆಡ್’ ಎಂಬ ಹೆಸರಿನಲ್ಲಿ ‘ಸೆಕ್ಯುರಿಟಿ’ ಪುಟದಲ್ಲಿದೆ. ಅದು ಮಂಕಾಗಿದ್ದು ಆರಿಸಲು ಬಾರದಿದ್ದರೆ ಮೊದಲು ‘ಸೂಪರ್‌ವೈಸರ್ ಪಾಸ್‌ವರ್ಡ್’ ಇಡಬೇಕು. ಕೆಲಸ ಮುಗಿದ ಮೇಲೆ ಆ ಪಾಸ್‌ವರ್ಡನ್ನು ತೆಗೆದುಹಾಕಿ, ಇಲ್ಲವೇ ಬರೆದಿಡಿ. ಮರೆತರೆ ಬಯೋಸ್ ಬಾಗಿಲೇ ಮುಚ್ಚಿಹೋಗುತ್ತದೆ.

ಹಂತ 5: ಪೆನ್‌ಡ್ರೈವ್‌ನಿಂದ ಲಿನಕ್ಸ್ ತಂದು ದುರಸ್ತಿ

ಇಲ್ಲಿಯವರೆಗೂ ಆಗದಿದ್ದರೆ ‘ಲೈವ್’ ಪೆನ್‌ಡ್ರೈವ್ ಬೇಕು, ಅಂದರೆ ಇನ್‌ಸ್ಟಾಲ್ ಮಾಡದೆಯೇ ಲಿನಕ್ಸನ್ನು ಓಡಿಸುವಂಥದು. ಇನ್ನೊಂದು ಕಂಪ್ಯೂಟರಿನಲ್ಲಿ ನಿಮ್ಮ ಲಿನಕ್ಸಿನ ಇತ್ತೀಚಿನ ಐಎಸ್‌ಒ (ಇಡೀ ಲಿನಕ್ಸ್ ಅಡಗಿರುವ ಒಂದು ಫೈಲ್) ಇಳಿಸಿಕೊಂಡು ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಪೆನ್‌ಡ್ರೈವ್ ಬೇಡ; ಅದರಲ್ಲಿರುವ ಹಳೆಯ ಶಿಮ್ ಅನ್ನು ಹೊಸ ಫರ್ಮ್‌ವೇರ್ ತಿರಸ್ಕರಿಸಬಹುದು. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ ‘ಯುಇಎಫ್‌ಐ’ ಎಂದು ಬರೆದಿರುವ ಸಾಲನ್ನೇ ಆರಿಸಿ. ಬಂದ ಪರದೆಯಲ್ಲಿ ‘ಟ್ರೈ’ ಒತ್ತಿ. ‘ಇನ್‌ಸ್ಟಾಲ್’ ಅಲ್ಲ!

ಈಗ ಟರ್ಮಿನಲ್, ಅಂದರೆ ಆಜ್ಞೆಗಳನ್ನು ಬರೆಯುವ ಕಿಟಕಿ, ತೆರೆಯಿರಿ. ಕೆಳಗಿನ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ನೀವು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಖಾಲಿ ಜಾಗಗಳನ್ನು ಇದ್ದಂತೆಯೇ ಬಿಟ್ಟು ಬರೆಯಬೇಕು. ಬಿಡಿ ಅಕ್ಷರಗಳಾಗಿ ಕೇಳಿಸುವುದನ್ನು ಬಿಡಿಯಾಗಿಯೇ ಬರೆಯಿರಿ: ‘ಎಂಜಿಆರ್’ ಎಂದರೆ ಮೂರೇ ಅಕ್ಷರ. ಆಜ್ಞೆಯ ಮೊದಲ ನಾಲ್ಕೈದು ಅಕ್ಷರ ಬರೆದು ಟ್ಯಾಬ್ ಕೀ ಒತ್ತಿದರೆ ಉಳಿದದ್ದನ್ನು ಟರ್ಮಿನಲ್ಲೇ ತುಂಬಿಕೊಡುತ್ತದೆ.

ಮೊದಲು ಪಟ್ಟಿಯನ್ನು ನೋಡೋಣ:

ಸುಡೋ ಇಎಫ್‌ಐಬೂಟ್‌ಎಂಜಿಆರ್

ಯುಇಎಫ್‌ಐ ಬೆಂಬಲವಿಲ್ಲ ಎಂಬ ದೂರು ಬಂದರೆ ಪೆನ್‌ಡ್ರೈವ್ ಲೆಗಸಿ ವಿಧಾನದಲ್ಲಿ ಎದ್ದಿದೆ. ಹಿಂದೆ ಹೋಗಿ ಸರಿಯಾದ ಸಾಲನ್ನು ಆರಿಸಿ. ಇಲ್ಲದಿದ್ದರೆ ‘ಬೂಟ್‌ಆರ್ಡರ್’ ಎಂಬ ಸಾಲೂ ಅದರ ಕೆಳಗೆ ‘ಬೂಟ್0000’, ‘ಬೂಟ್0001’ ಎಂಬ ನಮೂದುಗಳೂ ಕಾಣುತ್ತವೆ. ಉಬುಂಟು ಇದ್ದು ಹಿಂದೆ ಸರಿದಿದ್ದರೆ, ಅದರ ಸಂಖ್ಯೆ 0003, ವಿಂಡೋಸಿನದು 0000 ಎಂದಿಟ್ಟುಕೊಳ್ಳಿ:

ಸುಡೋ ಇಎಫ್‌ಐಬೂಟ್‌ಎಂಜಿಆರ್ --ಬೂಟ್‌ಆರ್ಡರ್ 0003,0000

ನಮೂದೇ ಇಲ್ಲದಿದ್ದರೆ ಇಎಸ್‌ಪಿ ಯಾವುದೆಂದು ಕಂಡುಹಿಡಿಯಬೇಕು:

ಎಲ್‌ಎಸ್‌ಬಿಎಲ್‌ಕೆ -ಎಫ್

ಇದು ಡಿಸ್ಕಿನ ಪಾರ್ಟಿಷನ್‌ಗಳ ಪಟ್ಟಿ ಕೊಡುತ್ತದೆ. ‘ವಿಫ್ಯಾಟ್’ ಎಂದಿರುವುದು ಇಎಸ್‌ಪಿ, ‘ಎಕ್ಸ್ಟ್4’ ಅಥವಾ ‘ಬಿಟಿಆರ್‌ಎಫ್‌ಎಸ್’ ಎಂದಿರುವುದು ಲಿನಕ್ಸ್. ಪೆನ್‌ಡ್ರೈವಿನದೇ ವಿಫ್ಯಾಟ್ ಪಾರ್ಟಿಷನ್ ಕೂಡ ಅಲ್ಲಿ ಕಾಣಬಹುದು, ಅದು ಯಾವ ಡಿಸ್ಕಿನ ಹೆಸರಿನ ಕೆಳಗಿದೆ ಎಂದು ನೋಡಿ ಪ್ರತ್ಯೇಕಿಸಿಕೊಳ್ಳಿ. ಲ್ಯಾಪ್‌ಟಾಪಿನ ಡಿಸ್ಕೇ ಪಟ್ಟಿಯಲ್ಲಿ ಇಲ್ಲದಿದ್ದರೆ ಮೂರನೆಯ ಹಂತದ ರೇಡ್ ವಿಷಯಕ್ಕೆ ಮರಳಿ. ಡಿಸ್ಕಿನ ಹೆಸರು ‘ಎನ್‌ವಿಎಂಇ0ಎನ್1’, ಇಎಸ್‌ಪಿ ಅದರ ಒಂದನೆಯ ಪಾರ್ಟಿಷನ್ ಎಂದಾದರೆ, ಈ ಕೆಳಗಿನದನ್ನು ಒಂದೇ ಸಾಲಿನಲ್ಲಿ ಬರೆಯಿರಿ:

ಸುಡೋ ಇಎಫ್‌ಐಬೂಟ್‌ಎಂಜಿಆರ್ --ಕ್ರಿಯೇಟ್ --ಡಿಸ್ಕ್ /ಡೆವ್/ಎನ್‌ವಿಎಂಇ0ಎನ್1 --ಪಾರ್ಟ್ 1 --ಲೇಬಲ್ ಉಬುಂಟು --ಲೋಡರ್ '\ಇಎಫ್‌ಐ\ಉಬುಂಟು\ಶಿಮ್‌ಎಕ್ಸ್64.ಇಎಫ್‌ಐ'

ಕೊನೆಯ ಭಾಗದ ಗೀಟುಗಳು ಹಿಂದಕ್ಕೆ ವಾಲಿದವು, ಸುತ್ತ ಒಂಟಿ ಉದ್ಧರಣ ಚಿಹ್ನೆ ಇರಲೇಬೇಕು. ಜನ ಎಡವುವುದು ಹೆಚ್ಚಾಗಿ ಇಲ್ಲೇ. ಹೊಸ ನಮೂದು ತಾನಾಗಿ ಸರತಿಯ ಮೊದಲಿಗೆ ಬರುತ್ತದೆ. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ ನೋಡಿ.

ಇಎಸ್‌ಪಿಯೊಳಗೆ ಲಿನಕ್ಸಿನ ಫೋಲ್ಡರೇ ಇಲ್ಲ, ಅಥವಾ ‘ಗ್ರಬ್ ರೆಸ್ಕ್ಯೂ’ ಬಿಡುತ್ತಿಲ್ಲ ಎಂದಾದರೆ ಗ್ರಬ್ ಅನ್ನು ಹೊಸದಾಗಿ ಹಾಕಬೇಕು. ಪೆನ್‌ಡ್ರೈವಿನ ಲಿನಕ್ಸಿನಲ್ಲಿ ಕುಳಿತೇ ಡಿಸ್ಕಿನ ಲಿನಕ್ಸಿನೊಳಗೆ ಹೊಕ್ಕು ಮಾಡುವ ಕೆಲಸ ಇದು, ಇದಕ್ಕೆ ‘ಸಿಎಚ್‌ರೂಟ್’ ಎನ್ನುತ್ತಾರೆ. ಲಿನಕ್ಸ್ ಐದನೆಯ ಪಾರ್ಟಿಷನ್‌ನಲ್ಲಿದ್ದರೆ:

ಸುಡೋ ಮೌಂಟ್ /ಡೆವ್/ಎನ್‌ವಿಎಂಇ0ಎನ್1ಪಿ5 /ಎಂಎನ್‌ಟಿ
ಸುಡೋ ಮೌಂಟ್ /ಡೆವ್/ಎನ್‌ವಿಎಂಇ0ಎನ್1ಪಿ1 /ಎಂಎನ್‌ಟಿ/ಬೂಟ್/ಇಎಫ್‌ಐ
ಸುಡೋ ಮೌಂಟ್ --ಆರ್‌ಬೈಂಡ್ /ಡೆವ್ /ಎಂಎನ್‌ಟಿ/ಡೆವ್

ಮೂರನೆಯ ಸಾಲನ್ನೇ ‘ಡೆವ್’ ಇರುವ ಎರಡೂ ಕಡೆ ‘ಪ್ರಾಕ್’ (ಪಿ-ಆರ್-ಓ-ಸಿ), ‘ಸಿಸ್’ (ಎಸ್-ವೈ-ಎಸ್) ಮತ್ತು ‘ರನ್’ ಎಂದು ಬದಲಿಸಿ ಇನ್ನು ಮೂರು ಸಲ ಬರೆಯಿರಿ. ಬಳಿಕ:

ಸುಡೋ ಸಿಎಚ್‌ರೂಟ್ /ಎಂಎನ್‌ಟಿ
ಗ್ರಬ್-ಇನ್‌ಸ್ಟಾಲ್
ಅಪ್‌ಡೇಟ್-ಗ್ರಬ್
ಎಕ್ಸಿಟ್

‘ಬೂಟ್’ ಪಾರ್ಟಿಷನ್ ಪ್ರತ್ಯೇಕವಾಗಿ ಇರುವವರು (ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದವರಲ್ಲಿ, ಅಂದರೆ ಬೀಗ ಹಾಕಿದವರಲ್ಲಿ, ಇದು ಸಾಮಾನ್ಯ) ಇಎಸ್‌ಪಿಗೆ ಮೊದಲು ಅದನ್ನೂ ಮೌಂಟ್ ಮಾಡಬೇಕು, ಅಂದರೆ ಜೋಡಿಸಿಕೊಳ್ಳಬೇಕು. ಇದು ಉಬುಂಟು, ಮಿಂಟ್, ಡೆಬಿಯನ್‌ಗಳಿಗೆ ಹೇಳಿದ ಕ್ರಮ. ಫೆಡೋರಾದಲ್ಲಿ ಗ್ರಬ್-ಇನ್‌ಸ್ಟಾಲ್ ಬಳಸಬಾರದು. ಅದು ಹಾಕುವ ಬೂಟ್‌ಲೋಡರಿಗೆ ಸೆಕ್ಯೂರ್ ಬೂಟ್‌ನ ಸಹಿ ಇರುವುದಿಲ್ಲ. ಅಲ್ಲಿ ಸಿಎಚ್‌ರೂಟ್‌ನೊಳಗಿಂದ ಡಿಎನ್‌ಎಫ್ (ಫೆಡೋರಾದಲ್ಲಿ ತಂತ್ರಾಂಶ ಹಾಕುವ ಆಜ್ಞೆ) ಮೂಲಕ ಶಿಮ್ ಮತ್ತು ಗ್ರಬ್‌ನ ಇಎಫ್‌ಐ ಪ್ಯಾಕೇಜ್‌ಗಳನ್ನು ‘ರೀಇನ್‌ಸ್ಟಾಲ್’ ಮಾಡಿದರೆ ಸಾಕು.

‘ಬೂಟ್ ರಿಪೇರ್’ ಎಂಬ ಗುಂಡಿ ಒತ್ತುವ ಉಪಕರಣ ಬಳಸಬಹುದೇ ಎಂದು ಕೇಳುವವರಿದ್ದಾರೆ. ಬಳಸಬಹುದು. ಆದರೆ ಅದು ನೀವು ಕೇಳದ ಕೆಲವು ಬದಲಾವಣೆಗಳನ್ನೂ ಮಾಡುತ್ತದೆ, ಆಮೇಲೆ ಏನು ಬದಲಾಯಿತೆಂದು ಹುಡುಕುವುದು ಕಷ್ಟ. ಒಂದು ನಮೂದು ಸೇರಿಸಲು ಅಷ್ಟು ದೊಡ್ಡ ಸುತ್ತಿಗೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಂತ 6: ಸೆಕ್ಯೂರ್ ಬೂಟ್ ತಡೆಯುತ್ತಿದ್ದರೆ

ಫರ್ಮ್‌ವೇರ್‌ನಲ್ಲಿ ನಂಬಿಕಸ್ಥರ ಪಟ್ಟಿ ಇರುವಂತೆಯೇ ನಿಷೇಧಿತರ ಪಟ್ಟಿಯೂ ಇದೆ. ಹಳೆಯ ಬೂಟ್‌ಲೋಡರಿನಲ್ಲಿ ದೋಷ ಸಿಕ್ಕಾಗ ಅದನ್ನು ಆ ಪಟ್ಟಿಗೆ ಸೇರಿಸುತ್ತಾರೆ. 2020ರಲ್ಲಿ ಗ್ರಬ್‌ನಲ್ಲಿ ‘ಬೂಟ್‌ಹೋಲ್’ ಎಂಬ ದೋಷ ಬಯಲಾದ ಮೇಲೆ, ಒಂದೊಂದೇ ಫೈಲಿನ ಬದಲು ಇಡೀ ಹಳೆಯ ಪೀಳಿಗೆಯನ್ನೇ ತಡೆಯುವ ‘ಎಸ್‌ಬ್ಯಾಟ್’ ಎಂಬ ವ್ಯವಸ್ಥೆ ಬಂತು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಈ ತಡೆಯನ್ನು ಬಿಗಿಗೊಳಿಸಿದಾಗ ಎರಡೂ ಓಎಸ್ ಇಟ್ಟುಕೊಂಡಿದ್ದ ಅನೇಕರ ಲಿನಕ್ಸ್ ‘ವೆರಿಫೈಯಿಂಗ್ ಶಿಮ್ ಎಸ್‌ಬ್ಯಾಟ್ ಡೇಟಾ ಫೇಲ್ಡ್’ ಎಂದು ಹೇಳಿ ಆಫ್ ಆಗತೊಡಗಿತು.

ಈ ಸಂದೇಶ ಬಂದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ (ಬಿಟ್‌ಲಾಕರ್ ಕೀ ಬರೆದುಕೊಂಡಿದ್ದೀರಿ ತಾನೆ?), ಲಿನಕ್ಸಿಗೆ ಹೋಗಿ ಹೀಗೆ ಬರೆಯಿರಿ:

ಸುಡೋ ಮೋಕ್‌ಯುಟಿಲ್ --ಸೆಟ್-ಎಸ್‌ಬ್ಯಾಟ್-ಪಾಲಿಸಿ ಡಿಲೀಟ್

‘ಮೋಕ್’ ಎಂದರೆ ಎಂ-ಓ-ಕೆ, ‘ಎಸ್‌ಬ್ಯಾಟ್’ ಎಂದರೆ ಎಸ್-ಬಿ-ಎ-ಟಿ. ಮತ್ತೆ ಒಮ್ಮೆ ಲಿನಕ್ಸಿಗೇ ರೀಸ್ಟಾರ್ಟ್ ಮಾಡಿ, ಲಿನಕ್ಸಿನ ಎಲ್ಲ ಅಪ್‌ಡೇಟ್‌ಗಳನ್ನು ಹಾಕಿಕೊಳ್ಳಿ. ಹೊಸ ಶಿಮ್ ಬರುವುದು ಹಾಗೆಯೇ. ನಂತರ ಸೆಕ್ಯೂರ್ ಬೂಟ್ ಆನ್ ಮಾಡಿ. ಕೆಲಸ ನಡೆಯುತ್ತಿದೆಯೆಂದು ಆಫ್‌ನಲ್ಲೇ ಬಿಟ್ಟುಬಿಡುವವರು ಬಹಳ.

ಈಚೆಗೆ ಫರ್ಮ್‌ವೇರ್ ಅಪ್‌ಡೇಟ್‌ಗಳು ಹೆಚ್ಚಾಗಿ ಬರುತ್ತಿರುವುದಕ್ಕೂ ಒಂದು ಕಾರಣ ಇಲ್ಲೇ ಇದೆ. ಸೆಕ್ಯೂರ್ ಬೂಟ್‌ಗೆ ಆಧಾರವಾದ ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತ ಬರುತ್ತದೆ, ಅವುಗಳ ಜಾಗಕ್ಕೆ 2023ರವನ್ನು ಸೇರಿಸಲಾಗುತ್ತಿದೆ. ಅವಧಿ ಮುಗಿದ ದಿನವೇ ನಿಮ್ಮ ಲಿನಕ್ಸ್ ನಿಂತುಹೋಗುತ್ತದೆ ಎಂಬ ಸುದ್ದಿಯನ್ನು ನಂಬಬೇಡಿ. ಆದರೆ ಈ ಅಪ್‌ಡೇಟ್‌ಗಳನ್ನು ಮುಂದೂಡುತ್ತಲೂ ಹೋಗಬೇಡಿ.

ಲಿನಕ್ಸ್ ಬಂತು, ಆದರೆ ಪರದೆ ಮಸುಕಾಗಿ ದೊಡ್ಡದಾಗಿ ಕಾಣುತ್ತಿದೆ, ಎನ್‌ವಿಡಿಯಾ ಗ್ರಾಫಿಕ್ಸ್ ಚಾಲಕ (ಡ್ರೈವರ್) ಕೆಲಸ ಮಾಡುತ್ತಿಲ್ಲ ಎಂದರೆ? ಆ ಚಾಲಕ ತಂತ್ರಾಂಶಕ್ಕೆ ನಿಮ್ಮ ಯಂತ್ರದಲ್ಲೇ ತಯಾರಾದ ಸಹಿ ಇರುತ್ತದೆ. ಆ ಸಹಿಯ ಕೀ ಎನ್‌ವಿರ‍್ಯಾಮ್‌ನಲ್ಲಿದ್ದು ಅಳಿಸಿಹೋಗಿದೆ, ಅಷ್ಟೆ. ಉಬುಂಟುವಿನಲ್ಲಿ:

ಸುಡೋ ಮೋಕ್‌ಯುಟಿಲ್ --ಇಂಪೋರ್ಟ್ /ವರ್/ಲಿಬ್/ಶಿಮ್-ಸೈನ್ಡ್/ಮೋಕ್/ಮೋಕ್.ಡಿಇಆರ್

‘ವರ್’ ಎಂದರೆ ವಿ-ಎ-ಆರ್. ಕೊನೆಯ ಫೈಲಿನ ಹೆಸರಿನಲ್ಲಿ ಮಾತ್ರ ‘ಮೋಕ್’ ದೊಡ್ಡಕ್ಷರಗಳಲ್ಲಿರಬೇಕು. ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟು ರೀಸ್ಟಾರ್ಟ್ ಮಾಡಿ. ನೀಲಿ ಪರದೆ ಬರುತ್ತದೆ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ ‘ಎನ್‌ರೋಲ್ ಮೋಕ್’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಸುಮ್ಮನೆ ನೋಡುತ್ತ ಕುಳಿತರೆ ಪರದೆ ಮಾಯವಾಗುತ್ತದೆ, ಮೊದಲಿನಿಂದ ಶುರು ಮಾಡಬೇಕು.

ಹಂತ 7: ಡಿಸ್ಕ್ ಪಾಸ್‌ವರ್ಡ್ ಕೇಳುತ್ತಿದ್ದರೆ

ಎನ್‌ಕ್ರಿಪ್ಟ್ ಮಾಡಿದ ಡಿಸ್ಕನ್ನು ತಾನಾಗಿ ತೆರೆಯಲು ಟಿಪಿಎಂ ಎಂಬ ಭದ್ರತಾ ಚಿಪ್ ಬಳಸುತ್ತಿದ್ದವರಿಗೆ ಮಾತ್ರ ಈ ಹಂತ. ಯಂತ್ರದ ಸ್ಥಿತಿ ಮೊದಲಿನಂತೆಯೇ ಇದ್ದರಷ್ಟೇ ಟಿಪಿಎಂ ಕೀ ಕೊಡುತ್ತದೆ. ಫರ್ಮ್‌ವೇರ್ ಅಥವಾ ಸೆಕ್ಯೂರ್ ಬೂಟ್‌ನ ಸ್ಥಿತಿ ಬದಲಾದುದರಿಂದ ಅದಕ್ಕೆ ಅನುಮಾನ ಬಂದಿದೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವಾಗ ಇಟ್ಟ ಪಾಸ್‌ವರ್ಡನ್ನೋ ಬರೆದಿಟ್ಟ ರಿಕವರಿ ಕೀಯನ್ನೋ ಕೊಟ್ಟು ಒಳಗೆ ಹೋಗಿ, ಕೀಯನ್ನು ಟಿಪಿಎಂಗೆ ಒಪ್ಪಿಸುವ ಸಿಸ್ಟಂಡಿ-ಕ್ರಿಪ್ಟ್‌ಎನ್‌ರೋಲ್ ಎಂಬ ಉಪಕರಣ ಬಳಸುತ್ತಿದ್ದರೆ ಹಳೆಯ ಟಿಪಿಎಂ ನಮೂದನ್ನು ಅಳಿಸಿ ಹೊಸದಾಗಿ ನೋಂದಾಯಿಸಿ. ಮೇಲಿನ ಎಲ್ಲ ಹಂತಗಳೂ ಮುಗಿದು, ಸೆಕ್ಯೂರ್ ಬೂಟ್ ತನ್ನ ಕೊನೆಯ ಸ್ಥಿತಿಗೆ ಬಂದ ಮೇಲೆಯೇ ಇದನ್ನು ಮಾಡಿ, ಇಲ್ಲದಿದ್ದರೆ ಎರಡೆರಡು ಸಲ ಮಾಡಬೇಕಾಗುತ್ತದೆ.

ಸರಿಪಡಿಸಿದ್ದು ಮತ್ತೆ ಮಾಯವಾದರೆ

ಕೆಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ವಿಂಡೋಸಿನ ಹೆಸರನ್ನು ಬಿಟ್ಟು ಬೇರೆ ಯಾವುದನ್ನೂ ಉಳಿಸಿಕೊಳ್ಳುವುದಿಲ್ಲ. ಹಠಮಾರಿ ಯಂತ್ರಗಳಿಗೆ ಮದ್ದು, ಎರಡನೆಯ ಹಂತದಲ್ಲಿ ಹೇಳಿದ ಆ ತುರ್ತು ಜಾಗಕ್ಕೆ ಲಿನಕ್ಸನ್ನೇ ಕೂರಿಸುವುದು. ಡೆಬಿಯನ್‌ನಲ್ಲಿ ‘ಸುಡೋ ಗ್ರಬ್-ಇನ್‌ಸ್ಟಾಲ್ --ಫೋರ್ಸ್-ಎಕ್ಸ್‌ಟ್ರಾ-ರಿಮೂವಬಲ್’ ಎಂದರೆ ಆಗುತ್ತದೆ. ಇಎಸ್‌ಪಿಯಲ್ಲಿರುವ ವಿಂಡೋಸಿನ ಫೈಲಿನ ಹೆಸರು ಬದಲಿಸಿ ಅದರ ಜಾಗದಲ್ಲಿ ಶಿಮ್ ಇಡುವ ಸಲಹೆಯೂ ಅಲ್ಲಲ್ಲಿ ಸಿಗುತ್ತದೆ. ವಿಂಡೋಸಿನ ಮುಂದಿನ ಅಪ್‌ಡೇಟ್‌ನಲ್ಲಿ ಅದು ಮತ್ತೆ ಕೆಡುತ್ತದೆ, ಬೇಡ.

ಬಯೋಸ್‌ನಲ್ಲಿ ಮಾಡಿದ ಯಾವ ಬದಲಾವಣೆಯೂ ಉಳಿಯುತ್ತಿಲ್ಲ ಎಂದರೆ ಅದು ಬೇರೆಯೇ ಕಾಯಿಲೆ. 2017ರ ಡಿಸೆಂಬರ್‌ನಲ್ಲಿ ಉಬುಂಟು 17.10ರ ಡೌನ್‌ಲೋಡನ್ನೇ ತಡೆಹಿಡಿಯಬೇಕಾಯಿತು. ಅದರಲ್ಲಿದ್ದ ಇಂಟೆಲ್ ಎಸ್‌ಪಿಐ ಚಾಲಕದಿಂದಾಗಿ (ಬಯೋಸ್ ಚಿಪ್ಪಿನ ಜೊತೆ ಮಾತಾಡುವ ತಂತ್ರಾಂಶ) ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳು ಬಯೋಸ್ ಸೆಟ್ಟಿಂಗ್ ಉಳಿಸಿಕೊಳ್ಳುವುದನ್ನೇ ನಿಲ್ಲಿಸಿದ್ದವು. ಅಂಥ ಸ್ಥಿತಿಯಲ್ಲಿ ತಯಾರಕರ ಇತ್ತೀಚಿನ ಬಯೋಸನ್ನು ಮತ್ತೊಮ್ಮೆ ಹಾಕುವುದೇ ಮೊದಲ ಪ್ರಯತ್ನವಾಗಲಿ.

ನಮೂದು ಸೇರಿಸುವಾಗ ‘ನೋ ಸ್ಪೇಸ್ ಲೆಫ್ಟ್’ ಎಂದು ಬಂದರೆ ಎನ್‌ವಿರ‍್ಯಾಮ್ ತುಂಬಿದೆ. ಬೇಡದ ಹಳೆಯ ಬೂಟ್ ನಮೂದುಗಳನ್ನು ತೆಗೆದು, ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ. ಆ ನೆನಪಿನ ನಮೂದುಗಳು ಫೈಲುಗಳಂತೆ ಕಾಣುವ ‘ಇಎಫ್‌ಐವರ್ಸ್’ ಫೋಲ್ಡರಿಗೆ ಹೋಗಿ ಸಿಕ್ಕಿದ್ದನ್ನೆಲ್ಲ ಅಳಿಸುವ ಸಾಹಸ ಖಂಡಿತ ಬೇಡ. 2016ರಲ್ಲಿ ಹಾಗೆ ಅಳಿಸಿದ ಎಂಎಸ್‌ಐ ಲ್ಯಾಪ್‌ಟಾಪೊಂದು ಆನ್ ಆಗುವುದನ್ನೇ ನಿಲ್ಲಿಸಿತು. ಆ ಪ್ರಸಂಗದ ನಂತರ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲೇ ಅದಕ್ಕೆ ತಡೆ ಹಾಕಿದರು, ಆದರೂ ತಡೆ ತೆಗೆದು ಅಳಿಸುವ ವಿಧಾನವನ್ನು ಹೇಳಿಕೊಡುವವರು ಇದ್ದೇ ಇದ್ದಾರೆ.

ಮುಂದಿನ ಅಪ್‌ಡೇಟ್‌ಗೆ ಮುನ್ನ

ಬಯೋಸ್‌ನ ಬೂಟ್, ಸ್ಟೋರೇಜ್, ಸೆಕ್ಯುರಿಟಿ ಪುಟಗಳ ಚಿತ್ರ ತೆಗೆದಿಡಿ. ಇಎಫ್‌ಐಬೂಟ್‌ಎಂಜಿಆರ್ ತೋರಿಸುವ ಪಟ್ಟಿಯನ್ನು ನಿಮಗೇ ಮಿಂಚಂಚೆ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಬಿಟ್‌ಲಾಕರನ್ನು ‘ಸಸ್ಪೆಂಡ್’ ಮಾಡಿ, ಅಂದರೆ ಬೀಗವನ್ನು ತಾತ್ಕಾಲಿಕವಾಗಿ ಸಡಿಲಿಸಿ. ಲಿನಕ್ಸಿನಿಂದಲೇ ಫರ್ಮ್‌ವೇರ್ ಅಪ್‌ಡೇಟ್ ಮಾಡಲು ಎಫ್‌ಡಬ್ಲ್ಯುಯುಪಿಡಿ ಎಂಬ ತಂತ್ರಾಂಶವಿದೆ; ಉಬುಂಟು, ಫೆಡೋರಾಗಳ ಸಾಫ್ಟ್‌ವೇರ್ ಮಳಿಗೆಯಲ್ಲಿ ಬರುವ ‘ಡಿವೈಸ್ ಫರ್ಮ್‌ವೇರ್’ ಸೂಚನೆಗಳ ಹಿಂದೆ ಇರುವುದು ಇದೇ. ನಿಮ್ಮ ಮಾದರಿ ಅದರ ಪಟ್ಟಿಯಲ್ಲಿದ್ದರೆ ಆ ದಾರಿಯೇ ಮೇಲು, ಯಾವಾಗ ಹಾಕಬೇಕೆಂದು ನೀವೇ ನಿರ್ಧರಿಸಬಹುದು.

ಬ್ಯಾಟರಿ ತುಂಬಿರಲಿ, ಚಾರ್ಜರೂ ಸಿಕ್ಕಿರಲಿ. ಬ್ಯಾಟರಿ ಸತ್ತುಹೋದ ಹಳೆಯ ಲ್ಯಾಪ್‌ಟಾಪ್‌ನಲ್ಲಿ, ಮಳೆಗಾಲದ ಸಂಜೆ, ಯುಪಿಎಸ್ ಇಲ್ಲದೆ ಬಯೋಸ್ ಅಪ್‌ಡೇಟ್‌ಗೆ ಕೈ ಹಾಕಬೇಡಿ: ಅರ್ಧದಲ್ಲಿ ಕರೆಂಟ್ ಹೋದರೆ, ಮೊದಲ ಹಂತದಲ್ಲಿ ಹೇಳಿದ ಬಯೋಸ್ ರಿಕವರಿಯ ದಾರಿ ಬಿಟ್ಟು, ಮೇಲಿನದ್ಯಾವುದೂ ಉಪಯೋಗಕ್ಕೆ ಬಾರದು.